ಮುಳ್ಳು ತಿರುಗಿಸುವ ಮೊದಲು: ಓಎಸ್ ಹಾಕುವವರಿಗೆ ಗಡಿಯಾರದ ಪಾಠಗಳು

ಹುನಗುಂದದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನ ಮೇಜಿಗೆ ಎಲ್ಲ ಥರದ ಪೆಟ್ಟಿಗೆಗಳೂ ಬರುತ್ತವೆ. ಇಳಕಲ್ಲಿನ ಸೀರೆ ಅಂಗಡಿಯ ಲೆಕ್ಕದ ಸಿಸ್ಟಮ್, ಗ್ರಾನೈಟ್ ಆಫೀಸಿನ ಬಿಲ್ಲಿಂಗ್ ಮಷಿನ್, ಶಾಲೆಯ ಲ್ಯಾಬ್, ಸೇವಾ ಕೇಂದ್ರದ ಹಳೇ ಡೆಸ್ಕ್‌ಟಾಪ್, ಡಿಪ್ಲೊಮಾ ಓದುವ ಹುಡುಗರ ಲ್ಯಾಪ್‌ಟಾಪ್. ಫಾರ್ಮ್ಯಾಟ್ ಹೊಡೆದು ಹೊಸದಾಗಿ ಓಎಸ್ ಹಾಕುವಾಗ ಎಲ್ಲರೂ ಡ್ರೈವರ್ ನೋಡುತ್ತಾರೆ, ಪ್ರಿಂಟರ್ ನೋಡುತ್ತಾರೆ, ನುಡಿ ಹಾಕಿ ಕನ್ನಡ ಮೂಡುತ್ತದೆಯೇ ಎಂದು ನೋಡುತ್ತಾರೆ. ಮೂಲೆಯಲ್ಲಿರುವ ಗಡಿಯಾರವನ್ನು ಮಾತ್ರ ಹೊರಡುವ ಗಡಿಬಿಡಿಯಲ್ಲಿ ಕೈಯಿಂದ ತಿದ್ದಿ ಎದ್ದುಬಿಡುತ್ತಾರೆ. ಸ್ವಲ್ಪ ದಿನಕ್ಕೆ ಅದೇ ಮಷಿನ್ ತಿರುಗಿ ಬರುತ್ತದೆ: ನೆಟ್ ತೆರೆಯುತ್ತಿಲ್ಲ, ಹೆಬ್ಬೆಟ್ಟು ತಗೊಳ್ಳುತ್ತಿಲ್ಲ, ಸರಿಯಾದ ಬ್ಯಾಕಪ್ ಯಾವುದೋ ತಿಳಿಯುತ್ತಿಲ್ಲ. ಇಂಥ ಎಷ್ಟೋ ದೂರುಗಳ ಬೇರು ಆ ಗಡಿಯಾರದಲ್ಲೇ ಇರುತ್ತದೆ. ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ಹುಡುಗ ಹುಡುಗಿಯರಿಗಾಗಿ, ಕೆಲಸ ಕಲಿಸಿದ ಪಾಠಗಳನ್ನು ಒಂದೊಂದಾಗಿ ಬರೆದಿಡುತ್ತಿದ್ದೇನೆ.

1. ಪೆಟ್ಟಿಗೆಯೊಳಗೆ ಗಡಿಯಾರಗಳು ಎರಡು

ಮೊದಲನೆಯದು ಮದರ್‌ಬೋರ್ಡಿನ ಮೇಲಿನ ಹಾರ್ಡ್‌ವೇರ್ ಗಡಿಯಾರ. ಕಂಪ್ಯೂಟರ್ ಆಫ್ ಇದ್ದರೂ ಒಂದು ಬಿಲ್ಲೆ ಶೆಲ್ಲಿನ ಬಲದಲ್ಲಿ ಅದು ನಡೆಯುತ್ತಿರುತ್ತದೆ. ಸೆಕೆಂಡಿಗೆ 32,768 ಸಲ ಕಂಪಿಸುವ ಸಣ್ಣ ಸ್ಫಟಿಕ ಅದರ ಜೀವ. ಎರಡನೆಯದು ಓಎಸ್ ನಡೆಸುವ ಸಿಸ್ಟಮ್ ಗಡಿಯಾರ. ಮಷಿನ್ ಆನ್ ಆಗುವಾಗ ಅದು ಹಾರ್ಡ್‌ವೇರ್ ಗಡಿಯಾರವನ್ನು ಓದಿಕೊಳ್ಳುತ್ತದೆ, ಆಮೇಲೆ ತಾನೇ ಎಣಿಸುತ್ತ ಹೋಗುತ್ತದೆ. 1981ರ ಮೊದಲ ಐಬಿಎಂ ಪಿಸಿಯಲ್ಲಿ ಶೆಲ್ಲಿನ ಗಡಿಯಾರವೇ ಇರಲಿಲ್ಲ; ಪ್ರತಿ ಸಲ ಆನ್ ಮಾಡಿದಾಗಲೂ ಡಾಸ್ ತಾರೀಖನ್ನು ಕೇಳುತ್ತಿತ್ತು. 1984ರ ಪಿಸಿ ಎಟಿಯಲ್ಲಿ ಮೊಟೊರೊಲಾ ಕಂಪನಿಯ ಗಡಿಯಾರ ಚಿಪ್ಪು ಬಂತು. ಇಂದಿನ ಮದರ್‌ಬೋರ್ಡುಗಳೂ ಅದೇ ವ್ಯವಸ್ಥೆಯ ಮುಂದುವರಿಕೆ.

ಆ ಚಿಪ್ಪು ಇಸವಿ, ತಿಂಗಳು, ತಾರೀಖು, ತಾಸು, ನಿಮಿಷ, ಸೆಕೆಂಡು ಇಷ್ಟನ್ನು ಇಟ್ಟುಕೊಳ್ಳುತ್ತದೆ. ಅದು ಯಾವ ಊರಿನ ವೇಳೆ ಎಂದು ಬರೆದಿಡಲು ಅದರಲ್ಲಿ ಜಾಗವಿಲ್ಲ. ಮುಂದಿನ ಗೊಂದಲಗಳೆಲ್ಲ ಹುಟ್ಟುವುದು ಇಲ್ಲಿಂದ.

2. ಯಾವುದರಿಂದ ಎಣಿಸಿದ್ದು ಎಂದು ಹೇಳದಿದ್ದರೆ ಅಂಕಿಗೆ ಅರ್ಥವಿಲ್ಲ

ಇದನ್ನು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಐಹೊಳೆಯ ಮೇಗುಟಿ ಗುಡಿಯ ಗೋಡೆಯ ಮೇಲೆ ಕವಿ ರವಿಕೀರ್ತಿ ತನ್ನ ಶಾಸನಕ್ಕೆ ತಾರೀಖು ಹಾಕುವಾಗ ಬರೀ ಒಂದು ಅಂಕಿ ಕೊಟ್ಟು ಸುಮ್ಮನಾಗಲಿಲ್ಲ. ಭಾರತ ಯುದ್ಧದಿಂದ 3735 ವರ್ಷ ಎಂದೂ ಶಕ ವರ್ಷ 556 ಎಂದೂ ಎರಡು ಲೆಕ್ಕ ಕೊಟ್ಟ. ಅದರಿಂದಲೇ ಇಂದು ನಾವು ಕ್ರಿ.ಶ. 634 ಎಂದು ಗಟ್ಟಿಯಾಗಿ ಹೇಳುತ್ತೇವೆ. ಎಣಿಕೆ ಬೇರೆ, ಎಣಿಕೆಯ ಆಧಾರ ಬೇರೆ. ಕಂಪ್ಯೂಟರಿನಲ್ಲೂ ಯುಟಿಸಿ ಎಂಬ ಜಾಗತಿಕ ಎಣಿಕೆ ಒಂದು. ಅದಕ್ಕೆ ಐದೂವರೆ ತಾಸು ಕೂಡಿಸಿದರೆ ಭಾರತದ ವೇಳೆ ಎನ್ನುವ ವಲಯದ ಲೆಕ್ಕ ಇನ್ನೊಂದು.

ಆ ಐದೂವರೆ ತಾಸು ಕೂಡ ಮನುಷ್ಯರು ಮಾಡಿಕೊಂಡ ಒಪ್ಪಂದ. ಮಿರ್ಜಾಪುರದ ಹತ್ತಿರ ಹಾಯುವ 82.5 ಡಿಗ್ರಿ ಪೂರ್ವ ರೇಖಾಂಶವನ್ನು ಹಿಡಿದು 1906ರ ಜನವರಿ 1ರಿಂದ ಭಾರತೀಯ ಪ್ರಮಾಣ ವೇಳೆ ಜಾರಿಗೆ ಬಂತು. ಅದಕ್ಕೂ ಮೊದಲು ರೈಲುಗಳು ಹಿಡಿಯುತ್ತಿದ್ದುದು ಗ್ರೀನಿಚ್‌ಗಿಂತ ಸುಮಾರು 5 ತಾಸು 21 ನಿಮಿಷ ಮುಂದಿದ್ದ ಮದ್ರಾಸ್ ವೇಳೆಯನ್ನು. ನಮ್ಮ ಭಾಗ ಸೇರಿದ್ದ ಮುಂಬಯಿ ಪ್ರಾಂತದ ರಾಜಧಾನಿಯ ವೇಳೆ 4 ತಾಸು 51 ನಿಮಿಷ. ಮುಂಬಯಿ ನಗರ ತನ್ನ ಹಳೇ ವೇಳೆಯನ್ನು 1955ರವರೆಗೂ ಬಿಡಲಿಲ್ಲ. ಹುನಗುಂದ ಇರುವುದು ಸುಮಾರು 76 ಡಿಗ್ರಿ ಪೂರ್ವದಲ್ಲಿ. ಹಾಗಾಗಿ ಸೂರ್ಯ ನಮ್ಮ ನಡುನೆತ್ತಿಗೆ ಬರುವ ಹೊತ್ತು ವರ್ಷದ ಸರಾಸರಿಯಲ್ಲಿ 12 ಗಂಟೆ 26 ನಿಮಿಷ. ಸೂರ್ಯನ ಲೆಕ್ಕ, ಪ್ರಾಂತದ ಲೆಕ್ಕ, ದೇಶದ ಲೆಕ್ಕ ಎಲ್ಲವೂ ಅವುಗಳ ಮಟ್ಟಿಗೆ ಸರಿ. ಯಾವ ಲೆಕ್ಕ ಎಂದು ಹೇಳದೆ ಬೆರೆಸಿದರೆ ಎಲ್ಲವೂ ತಪ್ಪು.

3. ವಲಯವನ್ನು ಇನ್‌ಸ್ಟಾಲ್ ಮಾಡುವಾಗಲೇ ಆರಿಸಿ

ವಿಂಡೋಸ್ ಹಾಕುವಾಗ ಮೊದಲ ಪರದೆಯಲ್ಲೇ ಭಾಷೆ ಮತ್ತು ವೇಳೆಯ ಮಾದರಿ ಕೇಳುತ್ತದೆ. ಅಲ್ಲಿ ಇಂಗ್ಲಿಷ್ ಅಮೆರಿಕ ಎಂದೇ ಬಿಟ್ಟು ನೆಕ್ಸ್ಟ್ ಒತ್ತುತ್ತ ಹೋದರೆ ಮಷಿನ್ ಸಾಮಾನ್ಯವಾಗಿ ಅಮೆರಿಕದ ಪೆಸಿಫಿಕ್ ವಲಯದಲ್ಲಿ ಎದ್ದು ಕೂಡುತ್ತದೆ. ಇಂಗ್ಲಿಷ್ ಇಂಡಿಯಾ ಅಥವಾ ಕನ್ನಡ ಆರಿಸಿ. ಆದರೂ ಕೊನೆಗೆ ವಲಯವನ್ನು ಕಣ್ಣಿಂದ ನೋಡಿಯೇ ಮುಂದೆ ಹೋಗಿ.

ಪಟ್ಟಿಯಲ್ಲಿ ಬೆಂಗಳೂರು ಸಿಗುವುದಿಲ್ಲ. ನಮ್ಮ ಸಾಲು 'ಚೆನ್ನೈ, ಕೋಲ್ಕತಾ, ಮುಂಬೈ, ನವದೆಹಲಿ'. ಹತ್ತಿರದಲ್ಲೇ ಶ್ರೀ ಜಯವರ್ಧನಪುರ ಎಂಬ ಸಾಲೂ ಇದೆ. ಅದೂ ಐದೂವರೆ ತಾಸಿನದೇ, ಆದರೆ ಶ್ರೀಲಂಕಾದ್ದು. ಕಠ್ಮಂಡು 5 ತಾಸು 45 ನಿಮಿಷ. ಲಿನಕ್ಸ್‌ನಲ್ಲಿ ನಮ್ಮದು ಏಷ್ಯಾ ಕೋಲ್ಕತಾ. ಹಳೇ ಮಷಿನ್‌ಗಳಲ್ಲಿ ಏಷ್ಯಾ ಕಲ್ಕತ್ತಾ ಎಂದು ಕಂಡರೂ ಅದೇ ವಲಯ, ಬದಲಿಸಬೇಕಾಗಿಲ್ಲ.

4. ವಲಯದ ತಪ್ಪನ್ನು ಮುಳ್ಳು ತಿರುಗಿಸಿ ಮುಚ್ಚಬೇಡಿ

ಒಂದೇ ಪಾಠ ನೆನಪಿಟ್ಟುಕೊಳ್ಳುವೆ ಎನ್ನುವವರು ಇದನ್ನು ಇಟ್ಟುಕೊಳ್ಳಿ. ಜನವರಿ ತಿಂಗಳು, ನಮ್ಮಲ್ಲಿ ಬೆಳಿಗ್ಗೆ 11 ಗಂಟೆ ಎಂದಿಟ್ಟುಕೊಳ್ಳಿ. ಪೆಸಿಫಿಕ್ ವಲಯದಲ್ಲಿರುವ ಮಷಿನ್ ಹಿಂದಿನ ದಿನದ ರಾತ್ರಿ 9:30 ತೋರಿಸುತ್ತದೆ. ನೋಡಿದವರು ಆಟೊಮ್ಯಾಟಿಕ್ ಆಯ್ಕೆ ತೆಗೆದು, ತಾರೀಖು ಬದಲಿಸಿ, 11 ಎಂದು ಕೂಡಿಸುತ್ತಾರೆ. ಹೊರಗೆ ಎಲ್ಲ ಸರಿ ಕಾಣುತ್ತದೆ. ಆದರೆ ಒಳಗೆ ಮಷಿನ್ 'ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಈಗ ಬೆಳಿಗ್ಗೆ 11' ಎಂದೇ ನಂಬಿದೆ. ಅಂದರೆ ಅದರ ಯುಟಿಸಿ ಲೆಕ್ಕ ನಿಜಕ್ಕಿಂತ ಹದಿಮೂರೂವರೆ ತಾಸು ಮುಂದೆ. ಕಳಿಸಿದ ಮೇಲ್ ಭವಿಷ್ಯದಿಂದ ಬಂದಂತೆ ಕಾಣುತ್ತದೆ, ಹೊತ್ತು ನೋಡಿ ಒಳಗೆ ಬಿಡುವ ಸೈಟುಗಳು ಲಾಗಿನ್ ಒಪ್ಪುವುದಿಲ್ಲ. ಮಾರ್ಚ್‌ನ ಎರಡನೇ ಭಾನುವಾರ ಅಮೆರಿಕದಲ್ಲಿ ಬೇಸಿಗೆ ವೇಳೆ ಶುರುವಾದಾಗ ನಮ್ಮ ಅಂಗಡಿಯ ಗಡಿಯಾರವೂ ತಾನಾಗಿ ಒಂದು ತಾಸು ಮುಂದೆ ಹೋಗುತ್ತದೆ. 'ಯಾರೂ ಮುಟ್ಟಿಲ್ರಿ, ತಾನ ಮುಂದ ಹೋಗೇತಿ' ಎಂದು ಯಾರಾದರೂ ಮಾರ್ಚ್‌ನಲ್ಲಿ ಬಂದರೆ ನೇರ ವಲಯವನ್ನೇ ನೋಡಿ.

ಆದ್ದರಿಂದ ಮೊದಲು ವಲಯ, ಆಮೇಲೆ ತಾರೀಖು, ಕೊನೆಗೆ ವೇಳೆ. ಈ ಸರದಿ ತಪ್ಪಿಸಬೇಡಿ.

5. ಒಂದೇ ಮಷಿನ್‌ನಲ್ಲಿ ಎರಡು ಓಎಸ್ ಇದ್ದರೆ ಐದೂವರೆ ತಾಸಿನ ಜಗಳ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಹಳೇ ಮಷಿನ್‌ಗಳಲ್ಲಿ ಇರುವುದಿಲ್ಲ. ಅವನ್ನು ಗುಜರಿಗೆ ಹಾಕುವ ಬದಲು ವಿಂಡೋಸ್ ಪಕ್ಕದಲ್ಲಿ ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿಸುವುದು ಒಳ್ಳೆಯ ದಾರಿ. ಗಡಿಯಾರದ ಜಗಳ ಎದುರಾಗುವುದೂ ಆ ದಾರಿಯಲ್ಲೇ.

ವಿಂಡೋಸ್ ಹಾರ್ಡ್‌ವೇರ್ ಗಡಿಯಾರದಲ್ಲಿ ಊರ ವೇಳೆ ಇದೆ ಎಂದು ತಿಳಿಯುತ್ತದೆ. ಲಿನಕ್ಸ್ ಅಲ್ಲಿ ಯುಟಿಸಿ ಇದೆ ಎಂದು ತಿಳಿಯುತ್ತದೆ. ಬೆಳಿಗ್ಗೆ 10ಕ್ಕೆ ವಿಂಡೋಸ್ ಬಿಟ್ಟು ಮಿಂಟ್‌ಗೆ ಬಂದರೆ, ಚಿಪ್ಪಿನಲ್ಲಿರುವ 10ಕ್ಕೆ ಮಿಂಟ್ ಐದೂವರೆ ಕೂಡಿಸಿ ಮಧ್ಯಾಹ್ನ 3:30 ತೋರಿಸುತ್ತದೆ. ನೆಟ್ ಸಿಕ್ಕ ಕೂಡಲೇ ತಾನು ಸರಿಯಾಗಿ 10ಕ್ಕೆ ಬಂದು, ಚಿಪ್ಪಿನಲ್ಲಿ ಯುಟಿಸಿ ಲೆಕ್ಕದ 4:30 ಬರೆದುಬಿಡುತ್ತದೆ. ನೆಟ್‌ನ ವೇಳೆಗೆ ಹೊಂದಿಕೊಂಡಿರುವಾಗ ಲಿನಕ್ಸ್ ಕರ್ನಲ್ ಹನ್ನೊಂದು ನಿಮಿಷಕ್ಕೊಮ್ಮೆ ಹೀಗೆ ಬರೆಯುತ್ತಲೇ ಇರುತ್ತದೆ. ತಿರುಗಿ ವಿಂಡೋಸ್‌ಗೆ ಹೋದರೆ ಅಲ್ಲಿ ನಸುಕಿನ 4:30.

ಪರಿಹಾರ ಎರಡು, ಯಾವುದಾದರೂ ಒಂದನ್ನೇ ಮಾಡಿ. ವಿಂಡೋಸ್ ಮುಖ್ಯವಾಗಿರುವ ಮಷಿನ್ ಆದರೆ ಲಿನಕ್ಸ್‌ನ 'ಟೈಮ್‌ಡೇಟ್‌ಸಿಟಿಎಲ್' ಆದೇಶದಿಂದ 'ಸೆಟ್ ಲೋಕಲ್ ಆರ್‌ಟಿಸಿ' ಎಂಬುದನ್ನು 1 ಮಾಡಿ, ಊರ ವೇಳೆ ಓದುವಂತೆ ಹೇಳಿ. ಲಿನಕ್ಸ್ ಮುಖ್ಯವಾಗಿದ್ದರೆ ವಿಂಡೋಸ್ ರಿಜಿಸ್ಟ್ರಿಯ 'ಟೈಮ್ ಜೋನ್ ಇನ್ಫರ್ಮೇಶನ್' ಕೀಲಿಯಲ್ಲಿ 'ರಿಯಲ್ ಟೈಮ್ ಈಸ್ ಯೂನಿವರ್ಸಲ್' ಎಂಬ ಮೌಲ್ಯವನ್ನು, ನಡುವೆ ಜಾಗ ಬಿಡದ ಒಂದೇ ಪದವಾಗಿ ಸೇರಿಸಿ 1 ಕೊಡಿ. ಎರಡೂ ಕಡೆ ಬದಲಿಸಿದರೆ ಜಗಳ ತಿರುವುಮುರುವಾಗಿ ಹಾಗೇ ಉಳಿಯುತ್ತದೆ.

ಯುಟಿಸಿಯೇ ಶುದ್ಧ ಪದ್ಧತಿ ಎಂದು ಕಲಿಸುತ್ತಾರೆ. ವರ್ಷಕ್ಕೆ ಎರಡು ಸಲ ಮುಳ್ಳು ತಿರುಗಿಸುವ ದೇಶಗಳಲ್ಲಿ ಆ ಮಾತು ಪೂರ್ತಿ ನಿಜ: ಎರಡು ಓಎಸ್ ಇದ್ದರೆ ಎರಡೂ ಒಂದೊಂದು ತಾಸು ಸರಿಸಿ ಲೆಕ್ಕ ಕೆಡಿಸುತ್ತವೆ. ನಮ್ಮ ದೇಶ ಎರಡನೇ ಮಹಾಯುದ್ಧದ ಕಾಲದಲ್ಲಿ ಗಡಿಯಾರವನ್ನು ಒಂದು ತಾಸು ಮುಂದಿಟ್ಟಿತ್ತು. ಇಂದು ಆ ಪದ್ಧತಿ ಇಲ್ಲ. ಹಾಗಾಗಿ ನಮ್ಮಲ್ಲಿ ಊರ ವೇಳೆ ಇಟ್ಟರೂ ಕೇಡಿಲ್ಲ. ಎರಡೂ ಓಎಸ್ ಒಂದೇ ಮಾತಿಗೆ ಒಪ್ಪಿರಬೇಕು, ಅಷ್ಟೇ.

6. ಎಷ್ಟು ತಪ್ಪಿದೆ ಎಂಬುದೇ ರೋಗದ ಹೆಸರು ಹೇಳುತ್ತದೆ

ಪೆಟ್ಟಿಗೆ ಬಿಚ್ಚುವ ಮೊದಲು ವ್ಯತ್ಯಾಸವನ್ನು ಕಾಗದದ ಮೇಲೆ ಬರೆಯಿರಿ. ಸರಿಯಾಗಿ ಐದೂವರೆ ತಾಸು ಹಿಂದೆ ಅಥವಾ ಮುಂದೆ ಇದ್ದರೆ ಯುಟಿಸಿ ಮತ್ತು ಊರ ವೇಳೆಯ ಗೊಂದಲ. ಹನ್ನೆರಡೂವರೆ ಅಥವಾ ಹದಿಮೂರೂವರೆ ತಾಸು ಹಿಂದಿದ್ದರೆ ಪೆಸಿಫಿಕ್ ವಲಯ. ಒಂದೂವರೆ ತಾಸು ಹಿಂದಿದ್ದರೆ ದುಬೈಯಿಂದ ಬಂದ ಲ್ಯಾಪ್‌ಟಾಪ್. ಎರಡೂವರೆ ತಾಸು ಮುಂದಿದ್ದರೆ ಚೀನಾದ ವಲಯ. ಕೆಲವೇ ನಿಮಿಷಗಳ ಅಂತರ ಇದ್ದರೆ ಸ್ಫಟಿಕದ ಸಹಜ ಓಲಾಟ, ಅದಕ್ಕೆ ನೆಟ್‌ನ ವೇಳೆಗೆ ಜೋಡಿಸಿದರೆ ಸಾಕು. ವರ್ಷಗಟ್ಟಲೆ ಹಿಂದೆ ಹೋಗಿದ್ದರೆ ಮಾತ್ರ ಶೆಲ್ಲಿನ ಕಡೆ ನೋಡಿ. ಐದೂವರೆ ತಾಸಿನ ತಪ್ಪಿಗೆ ಶೆಲ್ ಬದಲಿಸಿ ಗಿರಾಕಿಯಿಂದ ದುಡ್ಡು ತಗೊಳ್ಳುವುದು ಸರಿಯಲ್ಲ. ತಪ್ಪು ಹಾಗೇ ಉಳಿದಿರುತ್ತದೆ.

7. ಶೆಲ್ಲಿನ ಆಯುಷ್ಯ ಮೇನ್ ಸ್ವಿಚ್ಚಿನ ಕೈಯಲ್ಲಿದೆ

ಡೆಸ್ಕ್‌ಟಾಪಿನಲ್ಲಿ ಸಾಮಾನ್ಯವಾಗಿ ಇರುವುದು ಸಿಆರ್ 2032 ಶೆಲ್: 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ, 3 ವೋಲ್ಟ್. ಗೋಡೆಯ ಸ್ವಿಚ್ ಆನ್ ಇದ್ದಷ್ಟು ಹೊತ್ತು, ಕಂಪ್ಯೂಟರ್ ಶಟ್‌ಡೌನ್ ಆಗಿದ್ದರೂ, ಎಸ್‌ಎಂಪಿಎಸ್‌ನಿಂದ ಬರುವ ಸಣ್ಣ ಕರೆಂಟೇ ಗಡಿಯಾರವನ್ನು ನಡೆಸುತ್ತದೆ. ನಮ್ಮ ಪೇಟೆಯಲ್ಲಿ ರಾತ್ರಿ ಅಂಗಡಿ ಮುಚ್ಚುವಾಗ ಮೇನ್ ಸ್ವಿಚ್ ಇಳಿಸುವ ರೂಢಿ ಇದೆ. ಅದು ಸುರಕ್ಷತೆಗೆ ಒಳ್ಳೆಯದೇ, ಬಿಡಿಸಬೇಡಿ. ಆದರೆ ಅಲ್ಲಿ ರಾತ್ರಿಯಿಡೀ ಶೆಲ್ಲೇ ದುಡಿಯುತ್ತದೆ, ಬೇಗ ಸೋಲುತ್ತದೆ. ಎರಡು ತಿಂಗಳ ರಜೆಯಲ್ಲಿ ಮುಚ್ಚಿಟ್ಟ ಶಾಲೆಯ ಲ್ಯಾಬೂ ಅಷ್ಟೇ.

ಶೆಲ್ ತೆಗೆಯುವ ಮೊದಲು, ಮಷಿನ್ ಏಳುತ್ತಿದ್ದರೆ, ಬಯಾಸ್‌ನ ಪುಟಗಳನ್ನೆಲ್ಲ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಶೆಲ್ ತೆಗೆದರೆ ಬೂಟ್ ಸರದಿ, ಸಾಟಾ ಮಾದರಿ, ಯುಇಎಫ್‌ಐ ಅಥವಾ ಲೆಗಸಿ ಆಯ್ಕೆ ಮೂಲಕ್ಕೆ ಮರಳಬಹುದು. ಸಾಟಾ ಮಾದರಿ ಬದಲಾದರೆ ವಿಂಡೋಸ್ ಏಳದೆ ನೀಲಿ ಪರದೆ ತೋರಿಸುತ್ತದೆ. ಬಿಟ್‌ಲಾಕರ್ ಹಾಕಿದ ಮಷಿನ್ ಆದರೆ ರಿಕವರಿ ಕೀ ಗಿರಾಕಿಯ ಕೈಯಲ್ಲಿದೆಯೇ ಎಂದು ಮೊದಲೇ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಪ್ಲಗ್ ಕಿತ್ತು, ಶೆಲ್ಲನ್ನು ಮಲ್ಟಿಮೀಟರಿನಲ್ಲಿ ನೋಡಿ. ಹೊಸದು 3 ವೋಲ್ಟಿಗಿಂತ ತುಸು ಮೇಲೆ ತೋರಿಸುತ್ತದೆ, 2.7ರ ಆಸುಪಾಸಿಗೆ ಇಳಿದಿದ್ದರೆ ಬದಲಿಸಿ. ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಶೆಲ್ಲಿಗೆ ವೈರ್ ಮತ್ತು ಕನೆಕ್ಟರ್ ಇರುತ್ತದೆ. ಬರೀ ಬಿಲ್ಲೆ ತಂದು ಟೇಪ್ ಸುತ್ತಿ ಕೂಡಿಸುವ ಸಾಹಸ ಬೇಡ, ಅದರದೇ ಜೋಡಣೆ ತರಿಸಿ.

8. ತಾರೀಖು ತಪ್ಪಿದರೆ ಬೈಗುಳ ನೆಟ್‌ನವರಿಗೆ

ಶೆಲ್ ಸತ್ತ ಮಷಿನ್ ಬಯಾಸ್ ತಯಾರಾದ ವರ್ಷಕ್ಕೋ ಇನ್ಯಾವುದೋ ಹಳೇ ಜನವರಿ 1ಕ್ಕೋ ಹೋಗಿ ನಿಲ್ಲುತ್ತದೆ. ಪ್ರತಿ ಸುರಕ್ಷಿತ ವೆಬ್‌ಸೈಟಿನ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಮಷಿನ್ ಹಳೇ ವರ್ಷದಲ್ಲಿದ್ದರೆ ಆ ಪತ್ರ ಇನ್ನೂ ಹುಟ್ಟೇ ಇಲ್ಲ ಎಂದು ಬ್ರೌಸರ್ ಬಾಗಿಲು ಹಾಕುತ್ತದೆ. ಬ್ಯಾಂಕ್ ತೆರೆಯುವುದಿಲ್ಲ, ಜಿಎಸ್‌ಟಿ ತೆರೆಯುವುದಿಲ್ಲ, ಅಪ್‌ಡೇಟ್ ಬರುವುದಿಲ್ಲ. ಕೇಬಲ್ ಎಳೆದವರು ಬೈಸಿಕೊಳ್ಳುತ್ತಾರೆ.

ವೇಳೆ ಆಟೊಮ್ಯಾಟಿಕ್ ಇದೆ, ತಾನೇ ಸರಿಹೋಗುತ್ತದೆ ಎಂದು ಕೂಡಬೇಡಿ. ಯಾವ ಡೊಮೇನಿಗೂ ಸೇರದ ಬಿಡಿ ವಿಂಡೋಸ್ ಮಷಿನ್ ಸಾಮಾನ್ಯವಾಗಿ 54,000 ಸೆಕೆಂಡು, ಅಂದರೆ 15 ತಾಸಿಗಿಂತ ದೊಡ್ಡ ತಪ್ಪನ್ನು ತಾನಾಗಿ ತಿದ್ದಿಕೊಳ್ಳುವುದಿಲ್ಲ. ಮೊದಲು ಕೈಯಿಂದ ತಾರೀಖನ್ನು ಹತ್ತಿರಕ್ಕೆ ತನ್ನಿ, ಆಮೇಲೆ ಸಿಂಕ್ ಒತ್ತಿ.

9. ಹೆಬ್ಬೆಟ್ಟಿನ ತಪ್ಪೋ ಗಡಿಯಾರದ ತಪ್ಪೋ, ಕೋಡ್ ಓದಿ ಹೇಳಿ

ನವೆಂಬರ್ ಬಂದರೆ ಪಿಂಚಣಿದಾರರು ಜೀವನ ಪ್ರಮಾಣಪತ್ರಕ್ಕಾಗಿ ಸೇವಾ ಕೇಂದ್ರಗಳಿಗೆ ಬರುತ್ತಾರೆ. ಒಂದು ಕೇಂದ್ರದಲ್ಲಿ ಪ್ರಿಂಟರ್ ಕೆಲಸಕ್ಕೆ ಕೂತಿದ್ದಾಗ ಕಂಡದ್ದು ಇದು. ನಿವೃತ್ತ ಮಾಸ್ತರರೊಬ್ಬರು ಬೆರಳನ್ನು ಧೋತರದ ಅಂಚಿಗೆ ಒರೆಸಿ ಒರೆಸಿ ಸ್ಕ್ಯಾನರ್ ಮೇಲೆ ಇಡುತ್ತಿದ್ದರು. ಆಪರೇಟರ್ ಹುಡುಗ ಮರ್ಯಾದೆಯಿಂದಲೇ ಹೇಳಿದ: 'ಗುರುಗಳ, ಬೆರಳಿನ ಗೆರಿ ಸವದಾವ್ರಿ. ನಾಳೆ ಬರ್ರಿ, ನೋಡೂಣು.' ಅವರು ಕೈಚೀಲ ಎತ್ತಿಕೊಂಡು ಏಳುತ್ತಿದ್ದರು. ಪರದೆಯ ಮೇಲೆ ಇದ್ದ ಸಂಖ್ಯೆ 562.

ಆಧಾರ್ ದೃಢೀಕರಣದಲ್ಲಿ ಬೆರಳು ಹೊಂದದಿದ್ದರೆ ಬರುವ ಕೋಡ್ 300. ಕೋರಿಕೆಯ ಹೊತ್ತು ಹಳತಾಗಿದ್ದರೆ 561, ಸರ್ವರ್‌ಗಿಂತ ಮುಂದಿದ್ದರೆ 562. ಬೆರಳಚ್ಚು ಹಿಡಿದ ಕ್ಷಣದ ವೇಳೆ ಕೋರಿಕೆಯ ಜೊತೆಗೇ ಹೋಗುತ್ತದೆ. ಅದು ತಪ್ಪಿದ್ದರೆ ಎಷ್ಟು ಸ್ವಚ್ಛ ಬೆರಳಿಟ್ಟರೂ ವಾಪಸ್ಸೇ. 'ಗುರುಗಳ, ಒಂದೀಟ ಕುಂಡ್ರ್ರಿ' ಎಂದು ಅವರನ್ನು ಕೂಡಿಸಿ, ವಲಯ ನೋಡಿ, ವೇಳೆ ಸಿಂಕ್ ಮಾಡಿ, ಸ್ಕ್ಯಾನರ್ ಸೇವೆಯನ್ನು ಮತ್ತೆ ಶುರು ಮಾಡಿದ ಮೇಲೆ ಅದೇ ಬೆರಳು ಒಪ್ಪಿತು.

ಸೇವಾ ಕೇಂದ್ರದ ಮಷಿನ್‌ಗೆ ಓಎಸ್ ಹಾಕುವವರ ಮೇಲೆ ದೊಡ್ಡ ಹೊಣೆ ಇದೆ. ಒಂದು ತಪ್ಪು ಸೆಟ್ಟಿಂಗಿನಿಂದ ಹಳ್ಳಿಯಿಂದ ಬಸ್ಸು ಹಿಡಿದು ಬಂದವರು ತಮ್ಮ ಬೆರಳೇ ಕೆಟ್ಟಿದೆ ಎಂದು ನಂಬಿ ಮರಳುತ್ತಾರೆ. ಆಪರೇಟರ್‌ಗೆ ಈ ಮೂರು ಸಂಖ್ಯೆಗಳನ್ನು ಬರೆದು ಮಾನಿಟರಿನ ಪಕ್ಕ ಅಂಟಿಸಿ ಬನ್ನಿ.

10. ಗಡಿಯಾರ ಸರಿಯಾಗದೆ ಬ್ಯಾಕಪ್ ಮುಟ್ಟಬೇಡಿ

ಅಂಗಡಿಯ ಲೆಕ್ಕದ ಬ್ಯಾಕಪ್ ಸಾಮಾನ್ಯವಾಗಿ ಪೆನ್‌ಡ್ರೈವಿನಲ್ಲಿರುತ್ತದೆ. ಹಾರ್ಡ್‌ಡಿಸ್ಕಿನ ಎನ್‌ಟಿಎಫ್‌ಎಸ್ ಕಡತದ ವೇಳೆಯನ್ನು ಯುಟಿಸಿಯಲ್ಲಿ ಬರೆಯುತ್ತದೆ. ಪೆನ್‌ಡ್ರೈವಿನ ಫ್ಯಾಟ್ 32 ಊರ ವೇಳೆಯಲ್ಲಿ ಬರೆಯುತ್ತದೆ. ನಾಲ್ಕನೇ ಪಾಠದ ಮಷಿನ್‌ನಲ್ಲಿ ಬೆಳಿಗ್ಗೆ 11ಕ್ಕೆ ಎರಡೂ ಕಡೆ ಉಳಿಸಿದ ಕಡತವನ್ನು ವಲಯ ಸರಿಪಡಿಸಿದ ಮೇಲೆ ನೋಡಿದರೆ, ಡಿಸ್ಕಿನಲ್ಲಿರುವುದು ಆ ರಾತ್ರಿ ಕಳೆದ 12:30ರದ್ದು ಎಂದೂ ಪೆನ್‌ಡ್ರೈವಿನಲ್ಲಿರುವುದು ಬೆಳಿಗ್ಗೆ 11ರದ್ದು ಎಂದೂ ಕಾಣುತ್ತದೆ. ತಾರೀಖು ನೋಡಿ 'ಇದೇ ಹೊಸದು' ಎಂದು ಮರಳಿಸಿದರೆ ಒಂದು ದಿನದ ವ್ಯಾಪಾರವೇ ಅಳಿಸಿಹೋದೀತು. ಇಂಥ ಕಡೆ ಕಡತದ ತಾರೀಖು ನಂಬದೆ ತೆರೆದು ಕೊನೆಯ ಬಿಲ್ ನಂಬರ್ ನೋಡಿ.

11. ವೇಳೆ ಎಲ್ಲಿಂದ ಬರುತ್ತದೆ ಎಂದು ತಿಳಿದಿರಲಿ

ವಿಂಡೋಸ್ ತನ್ನದೇ ಕಂಪನಿಯ ಸರ್ವರ್ ಕೇಳುತ್ತದೆ, ಲಿನಕ್ಸ್ ಸಾಮಾನ್ಯವಾಗಿ ತನ್ನ ವಿತರಣೆಯವರು ಇಟ್ಟ ಸರ್ವರ್ ಕೇಳುತ್ತದೆ. ನಮ್ಮ ದೇಶದ ಪ್ರಮಾಣ ವೇಳೆ ಕಾಯುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ, ಪರಮಾಣು ಗಡಿಯಾರಗಳಿಂದ. ಕಂಪನಿಗಳು, ಸಂಸ್ಥೆಗಳು ತಮ್ಮ ಗಣಕಗಳನ್ನು ಈ ಪ್ರಯೋಗಾಲಯದ ಅಥವಾ ಎನ್‌ಐಸಿಯ ವೇಳೆಗೆ ಹೊಂದಿಸಿಕೊಳ್ಳಬೇಕು ಎಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ನಿರ್ದೇಶನ ಹೊರಡಿಸಿದೆ. ನೆಟ್ ಇಲ್ಲದ ಶಾಲೆಯ ಲ್ಯಾಬಿನಲ್ಲಿ ಒಂದು ಮಷಿನ್ ಅನ್ನು ಸರಿಯಾಗಿಟ್ಟು ಉಳಿದವು ಅದನ್ನೇ ಕೇಳುವಂತೆ ಮಾಡಬಹುದು. ಡಿಸ್ಕ್ ಕ್ಲೋನ್ ಮಾಡಿ ಹತ್ತಾರು ಮಷಿನ್‌ಗೆ ಹಾಕಿದಾಗ ವಲಯ ಮಾತ್ರ ಜೊತೆಗೆ ಬರುತ್ತದೆ, ಹಾರ್ಡ್‌ವೇರ್ ಗಡಿಯಾರ ಆಯಾ ಬೋರ್ಡಿನದೇ. ಪ್ರತಿಯೊಂದನ್ನೂ ಬೇರೆ ಬೇರೆ ನೋಡಿ.

12. ಕ್ಯಾಮೆರಾದ ಡಿವಿಆರ್ ಕೂಡ ಕಂಪ್ಯೂಟರೇ

ಡಿವಿಆರ್‌ನಲ್ಲೂ ಶೆಲ್ ಇದೆ, ವಲಯ ಇದೆ. ಎಷ್ಟೋ ಡಿವಿಆರ್‌ಗಳು ಚೀನಾದ ವಲಯದಲ್ಲೇ ಬರುತ್ತವೆ. ಕೂಡಿಸುವ ದಿನವೇ ಸರಿಪಡಿಸಿ. ಕಳ್ಳತನವಾದ ಮೇಲೆ ದೃಶ್ಯ ತೆಗೆಯಲು ಕರೆದರೆ ಮಾತ್ರ ಗಡಿಯಾರವನ್ನು ಮೊದಲೇ ತಿದ್ದಬೇಡಿ. ಪರದೆಯ ವೇಳೆಯೂ ಪಕ್ಕದಲ್ಲಿ ಹಿಡಿದ ಮೊಬೈಲಿನ ವೇಳೆಯೂ ಒಟ್ಟಿಗೆ ಕಾಣುವಂತೆ ಒಂದು ಫೋಟೊ ತೆಗೆದು, ಅಂತರವನ್ನು ಬರೆದಿಟ್ಟು, ಆಮೇಲೆ ದೃಶ್ಯ ನಕಲಿಸಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಇಂಥ ದಾಖಲೆಯ ಜೊತೆ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಅಂತರದ ಲೆಕ್ಕ ಇಲ್ಲದಿದ್ದರೆ ಒಳ್ಳೆಯ ಸಾಕ್ಷಿಯೂ ಪ್ರಶ್ನೆಗೆ ಒಳಗಾಗುತ್ತದೆ.

13. ಪರೀಕ್ಷೆ ಮಾಡಿ, ಬರೆದಿಟ್ಟು ಬನ್ನಿ

ಕೆಲಸ ಮುಗಿಯಿತು ಎನ್ನುವ ಮೊದಲು ಮಷಿನ್ ಶಟ್‌ಡೌನ್ ಮಾಡಿ ಗೋಡೆಯ ಸ್ವಿಚ್ ಆಫ್ ಮಾಡಿ. ಗಿರಾಕಿ ಕೊಟ್ಟ ಚಹಾ ಕುಡಿದು ಮುಗಿಸುವಷ್ಟು ಹೊತ್ತು ಬಿಡಿ. ಆಮೇಲೆ ನೆಟ್ ಕೇಬಲ್ ತೆಗೆದೇ ಆನ್ ಮಾಡಿ, ಬಯಾಸ್‌ನಲ್ಲಿ ಒಮ್ಮೆ, ಪ್ರತಿ ಓಎಸ್‌ನಲ್ಲೂ ಒಮ್ಮೆ ವೇಳೆ ನೋಡಿ. ನೆಟ್ ಇದ್ದರೆ ತಪ್ಪು ಮುಚ್ಚಿಹೋಗುತ್ತದೆ, ಅದಕ್ಕೇ ಕೇಬಲ್ ತೆಗೆಯುವುದು.

ಕೊನೆಗೆ ಪೆಟ್ಟಿಗೆಯ ಒಳಬದಿಗೆ ಒಂದು ಚೀಟಿ ಅಂಟಿಸಿ: ಶೆಲ್ ಹಾಕಿದ ತಾರೀಖು, ಹಾರ್ಡ್‌ವೇರ್ ಗಡಿಯಾರದಲ್ಲಿರುವುದು ಯುಟಿಸಿಯೋ ಊರ ವೇಳೆಯೋ, ಎರಡು ಓಎಸ್ ಇದ್ದರೆ ಯಾವುದರ ಸೆಟ್ಟಿಂಗ್ ಬದಲಿಸಿದ್ದು. ಚಿಪ್ಪು ಬರೆದಿಟ್ಟುಕೊಳ್ಳಲಾಗದ ಮಾತನ್ನು ನಾವು ಬರೆದಿಡಬೇಕು. ಮುಂದಿನ ಸಲ ಆ ಪೆಟ್ಟಿಗೆ ತೆರೆಯುವವರು ಇಳಕಲ್ಲಿನವರೋ ಬಾಗಲಕೋಟೆಯವರೋ, ಯಾರೇ ಇರಲಿ, ಊಹೆಯಿಂದ ಮುಳ್ಳು ತಿರುಗಿಸದೆ ಚೀಟಿ ಓದಿ ಕೆಲಸ ಶುರು ಮಾಡುತ್ತಾರೆ.